ತೆಯೋತಿವಾಕಾನ್: ಅಷ್ಟು ದೊಡ್ಡ ಊರಿಗೆ ನೂಲು ಹಿಡಿದವರು ಯಾರು?

ದೂರದೂರು | ಶನಿವಾರ, ಬೆಳಿಗ್ಗೆ 8:12

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮೆಕ್ಸಿಕೊ ಸಿಟಿಗೆ ಬಂದು ಐದು ತಿಂಗಳಾಯಿತು. ಹೋದ ವಾರ ಅಂತೂ ಪುರುಸೊತ್ತು ಮಾಡಿಕೊಂಡು ತೆಯೋತಿವಾಕಾನ್ ಅನ್ನುವ ಹಳೇ ಹಾಳೂರು ನೋಡಿ ಬಂದೆ. ಇಲ್ಲಿಂದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಪಿರಮಿಡ್ ನೋಡಲು ಹೋದವನ ತಲೆಯಲ್ಲಿ ಬೀದಿ ಕೂತುಬಿಟ್ಟಿದೆ.

ಚಂದ್ರನ ಪಿರಮಿಡ್ ಎದುರು ನಿಂತು ದಕ್ಷಿಣಕ್ಕೆ ನೋಡಿದರೆ ಒಂದೇ ಬೀದಿ. ಸುಮಾರು 40 ಮೀಟರ್ ಅಗಲ, ಕಣ್ಣು ಹೋಗುವ ತನಕ ನೇರ. ಎಡಕ್ಕೆ ಸೂರ್ಯನ ಪಿರಮಿಡ್, ಎತ್ತರ 65 ಮೀಟರ್ ಹತ್ತಿರ. ಇನ್ನೂ ಕೆಳಗೆ ನಡೆದರೆ ಸಿಯುದದೇಲಾ ಅನ್ನುವ ಭಾರಿ ಅಂಗಳ, ಒಂದೊಂದು ಬದಿ 400 ಮೀಟರ್. ಅದರೊಳಗೆ ಗರಿಹಾವಿನ ಪಿರಮಿಡ್. ಬೀದಿಗೆ 'ಸತ್ತವರ ಬೀದಿ' ಎಂದು ಹೆಸರಿಟ್ಟವರು ಆಜ್ಟೆಕರು. ಅವರು ಬರುವ ಹೊತ್ತಿಗೆ ಊರು ಹಾಳುಬಿದ್ದು ನೂರಾರು ವರ್ಷವಾಗಿತ್ತು. ಎರಡೂ ಬದಿಯ ದಿಬ್ಬಗಳನ್ನು ನೋಡಿ ಸಮಾಧಿ ಅಂದುಕೊಂಡರಂತೆ. ಊರಿನ ಹೆಸರೂ ಅವರು ಇಟ್ಟದ್ದೇ. ಅಲ್ಲಿ ಬಾಳಿದವರು ತಮ್ಮ ಊರನ್ನು ಏನೆಂದು ಕರೆಯುತ್ತಿದ್ದರು ಅನ್ನುವುದು ಯಾರಿಗೂ ಗೊತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಊರು 20 ಚದರ ಕಿಲೋಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 5,000 ಎಕರೆ. ಒಳ್ಳೆಯ ದಿನಗಳಲ್ಲಿ, ಕ್ರಿ.ಶ. 300-500ರ ಆಸುಪಾಸು, ಲಕ್ಷದಷ್ಟು ಜನ. ಎತ್ತಿಲ್ಲ, ಕುದುರೆ ಇಲ್ಲ, ಗಾಡಿ ಇಲ್ಲ, ಕಬ್ಬಿಣ ಇಲ್ಲ. ಆದರೂ ಇಡೀ ಊರು ಒಂದೇ ಗೆರೆಗೆ ಕೂತಿದೆ. ಉತ್ತರಕ್ಕೆ ನೆಟ್ಟಗೆ ಅಲ್ಲ, ಉತ್ತರದಿಂದ 15.5 ಡಿಗ್ರಿ ಪೂರ್ವಕ್ಕೆ ವಾಲಿದ ಗೆರೆ. ಹೇಗೆ ಹಾಕಿದರು? ಯಾರು ಹಾಕಿಸಿದರು? ಅದಕ್ಕಿಂತ ಜಾಸ್ತಿ ಕಾಡುವುದು, ಅಷ್ಟು ತಲೆಮಾರು ಆ ಗೆರೆಯನ್ನು ಕಾಪಾಡಿದವರು ಯಾರು?

ಅನ್ಯಗ್ರಹದವರ ಕತೆ ಮಾತ್ರ ದಯವಿಟ್ಟು ಬೇಡ.

ಒಗ್ಗರಣೆ | 8:20

ಅಯ್ಯೋ, ನಾನು ಅದನ್ನೇ ಟೈಪ್ ಮಾಡುತ್ತಿದ್ದೆ. ಅಳಿಸಿದೆ.

ಸರಪಳಿಮಾವ | 8:47

ದೂರದೂರು, ಒಳ್ಳೆ ಪ್ರಶ್ನೆ ಕೇಳಿದ್ದೀಯಪ್ಪ. ನಾನು 34 ವರ್ಷ ಸರ್ವೆ ಕೆಲಸದಲ್ಲಿ ಸರಪಳಿ ಎಳೆದವನು. ನೇರ ಗೆರೆಗೆ ಕಬ್ಬಿಣವೂ ಬೇಡ, ಎತ್ತೂ ಬೇಡ. ಮೂರು ಕೋಲು ಸಾಕು.

ಎರಡು ಕೋಲು ನೆಡು. ಮೊದಲನೆಯದರ ಹಿಂದೆ ನಿಂತು ಒಂದು ಕಣ್ಣು ಮುಚ್ಚು. ಇನ್ನೊಬ್ಬ ಮೂರನೆಯ ಕೋಲು ಹಿಡಿದು ದೂರ ಹೋಗಲಿ. ನೀನು ಕೈಯಾಡಿಸಿದಂತೆ ಅವನು ಆ ಕಡೆ ಈ ಕಡೆ ಸರಿಯಲಿ. ಮೊದಲ ಕೋಲಿನ ಹಿಂದೆ ಉಳಿದೆರಡೂ ಮರೆಯಾದ ಕೂಡಲೇ ಕೈ ಎತ್ತು. ಅಲ್ಲಿ ಗೂಟ. ಇನ್ನು ಎರಡನೆಯದು ಮೊದಲನೆಯದು ಆಗುತ್ತದೆ. ಹೀಗೇ ಮುಂದೆ ಹೋಗುತ್ತಿರು, ಎಷ್ಟು ದೂರ ಬೇಕಾದರೂ.

ಇದರಲ್ಲಿ ಒಂದೇ ಒಂದು ಮೋಸ ಇದೆ. ಮೊದಲ ಎರಡು ಕೋಲು ಹತ್ತಿರ ಇದ್ದರೆ ಕೆಟ್ಟಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತು ಹೆಜ್ಜೆ ದೂರದಲ್ಲಿ ಎರಡು ಗೂಟ ಹೊಡೆದು ಅದೇ ಗೆರೆಯನ್ನು ಅರ್ಧ ಕಿಲೋಮೀಟರ್ ಎಳೆದೆ. ಕೊನೆಯ ಗೂಟ ಇನ್ನೊಬ್ಬರ ಅಡಿಕೆ ತೋಟದೊಳಗೆ ಹೋಗಿ ಕೂತಿತು. ತೋಟದವರು ಕತ್ತಿ ಹಿಡಿದುಕೊಂಡೇ ಮಾತಾಡಿಸಿದರು! ಶುರುವಿನಲ್ಲಿ ಕೂದಲೆಳೆ ತಪ್ಪಿದರೆ ಕೊನೆಯಲ್ಲಿ ಮಾರು ತಪ್ಪುತ್ತದೆ. ಅದಕ್ಕೇ ತುಂಬ ದೂರದ ಗುರುತು ಒಂದು ಬೇಕು. ಗುಡ್ಡವೋ, ನಕ್ಷತ್ರವೋ. ಅಲ್ಲಿ ಅಂಥದ್ದೇನಾದರೂ ಇದೆಯಾ?

ಅವರು ಹೀಗೇ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಹೀಗೂ ಆಗುತ್ತದೆ, ಅಷ್ಟೇ.

ಕುಂಬಾರಕೇರಿ | 9:30

ಮಾವ, ಇದೆ! ಚಂದ್ರನ ಪಿರಮಿಡ್ ಬೆನ್ನಿಗೇ ಸೆರ್ರೊ ಗೋರ್ಡೊ ಅನ್ನುವ ದೊಡ್ಡ ಬೆಟ್ಟ. ಬೀದಿಯಲ್ಲಿ ಉತ್ತರಕ್ಕೆ ನಡೆದರೆ ಪಿರಮಿಡ್ ಮತ್ತು ಬೆಟ್ಟ ಒಂದರೊಳಗೊಂದು ಕೂತಂತೆ ಕಾಣುತ್ತದೆ. ಹತ್ತಿರ ಹೋದಂತೆ ಪಿರಮಿಡ್ ಮೇಲೆದ್ದು ಬೆಟ್ಟವನ್ನೇ ಮುಚ್ಚಿಬಿಡುತ್ತದೆ.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ಅಲ್ಲಿನ ನೆಲಗಾರೆಯ ಮೇಲೆ, ಸುತ್ತಲಿನ ಬಂಡೆಗಳ ಮೇಲೆ ಚುಕ್ಕಿ ಕುಟ್ಟಿ ಮಾಡಿದ ಗುರುತುಗಳಿವೆ. ವೃತ್ತದೊಳಗೆ ವೃತ್ತ, ನಡುವೆ ಅಡ್ಡ ಉದ್ದ ಎರಡು ಗೆರೆ. ಒಂದು ಊರ ನಡುವೆ, ಇನ್ನೊಂದು ಸುಮಾರು 3 ಕಿಲೋಮೀಟರ್ ಪಶ್ಚಿಮಕ್ಕೆ ಸೆರ್ರೊ ಕೊಲೊರಾದೊ ಗುಡ್ಡದ ಮೇಲೆ. ಈ ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದು ಸತ್ತವರ ಬೀದಿಗೆ ಹೆಚ್ಚು ಕಡಿಮೆ ಲಂಬವಾಗಿ ಬರುತ್ತದೆ. ಸರ್ವೆ ಗುರುತು ಇರಬೇಕು ಎಂದು ಕೆಲವರು ಹೇಳುತ್ತಾರೆ. ದಿನ ಎಣಿಸುವ ಪಂಚಾಂಗ ಎಂದು ಇನ್ನು ಕೆಲವರು. ಪಗಡೆಯಂಥ ಆಟದ ಮನೆ ಎಂದೂ ಹೇಳುವವರಿದ್ದಾರೆ.

ಇನ್ನು 15.5 ಡಿಗ್ರಿ ಯಾಕೆ ಅನ್ನುವುದಕ್ಕೆ. ಸೂರ್ಯನ ಪಿರಮಿಡ್ ಮುಖ ಪಶ್ಚಿಮಕ್ಕಿದೆ, ತುಸು ಉತ್ತರಕ್ಕೆ ತಿರುಗಿಕೊಂಡು. ಅದರ ನೇರಕ್ಕೆ ಸೂರ್ಯ ಮುಳುಗುವುದು ವರ್ಷದಲ್ಲಿ ಎರಡು ಸಲ, ಏಪ್ರಿಲ್ 30 ಮತ್ತು ಆಗಸ್ಟ್ 13ರ ಸುಮಾರಿಗೆ. ಆಗಸ್ಟ್ 13ರಿಂದ ಏಪ್ರಿಲ್ 30ರವರೆಗೆ ಎಣಿಸಿ ನೋಡಿ: 260 ದಿನ. ಮೆಸೊಅಮೆರಿಕದ, ಅಂದರೆ ಹಳೇ ಮೆಕ್ಸಿಕೊ-ಗ್ವಾಟೆಮಾಲ ಸೀಮೆಯ, ಎಲ್ಲ ಕಡೆ ಬಳಕೆಯಲ್ಲಿದ್ದ ಪವಿತ್ರ ಪಂಚಾಂಗದ ಒಂದು ಸುತ್ತೂ 260 ದಿನವೇ. ಇದು ಬರೀ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

(ನಾನು ಪುರಾತತ್ವ ಎಂ.ಎ. ವಿದ್ಯಾರ್ಥಿನಿ. ಅಲ್ಲಿಗೆ ಹೋಗಿಲ್ಲ. ಓದಿದ್ದು ಮಾತ್ರ. ದೂರದೂರು ಅವರ ಮೇಲೆ ಹೊಟ್ಟೆಕಿಚ್ಚು ಸಿಕ್ಕಾಪಟ್ಟೆ ಇದೆ.)

ಬಯಲುಸೀಮೆ | 10:05

ಇಷ್ಟೆಲ್ಲ ಹೇಳಿದ ಮೇಲೆ ಉತ್ತರ ಸಿಕ್ಕಿತಲ್ಲ. ಒಬ್ಬ ಗಟ್ಟಿ ರಾಜ. ಅವನ ಒಬ್ಬ ಜೋಯಿಸ. ಗೆರೆ ಎಳೆಯಿರಿ ಎಂದ, ಎಳೆದರು. ರಾಜ ಇಲ್ಲದೆ ಲಕ್ಷ ಜನ ಒಂದೇ ಗೆರೆಗೆ ಮನೆ ಕಟ್ಟುತ್ತಾರಾ? ನಮ್ಮ ಬೀದಿಯಲ್ಲಿ ಹತ್ತು ಮನೆಯವರು ಚರಂಡಿ ಗೆರೆಗೆ ಒಪ್ಪಲು ಎರಡು ವರ್ಷ ಹಿಡಿಯಿತು.

ಒಗ್ಗರಣೆ | 10:09

ನಿಮ್ಮ ಬೀದಿಯದು ಎರಡು ವರ್ಷಕ್ಕೇ ಮುಗಿಯಿತಾ? ನೀವೇ ಅದೃಷ್ಟವಂತರು ಬಿಡಿ.

ಕುಂಬಾರಕೇರಿ | 10:52

ಬಯಲುಸೀಮೆ ಅವರೇ, ರಾಜ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಗೆರೆ ನೇರ ಇದೆ, ಆದ್ದರಿಂದ ರಾಜ ಇದ್ದ ಅನ್ನುವುದನ್ನು ಒಪ್ಪಲಾರೆ. ಯಾಕೆ ಅಂದರೆ,

ಒಂದು, ಗೆರೆ ಮೊದಲ ದಿನವೇ ಬಿದ್ದದ್ದಲ್ಲ. 1998ರಿಂದ 2004ರವರೆಗೆ ಸಬುರೊ ಸುಗಿಯಾಮ ಮತ್ತು ರುಬೇನ್ ಕಾಬ್ರೇರ ಎಂಬ ಪುರಾತತ್ವಜ್ಞರು ಚಂದ್ರನ ಪಿರಮಿಡ್ ಒಳಗೆ ಸುರಂಗ ಕೊರೆದು ನೋಡಿದರು. ಈರುಳ್ಳಿ ಸಿಪ್ಪೆಯ ಹಾಗೆ ಒಂದರ ಮೇಲೊಂದು ಏಳು ಕಟ್ಟಡಗಳು! ತೀರಾ ಒಳಗಿನದು, ಕ್ರಿ.ಶ. 100ರ ಆಸುಪಾಸಿನದು, ಪುಟ್ಟದು. ಬದಿಗೆ 23-24 ಮೀಟರ್ ಅಷ್ಟೇ. ಅದು ಊರಿನ ಗೆರೆಗೆ ಕೂತಿಲ್ಲ, ಅದರ ದಿಕ್ಕೇ ಬೇರೆ. ಆಮೇಲಿನವು ಗೆರೆಗೆ ಬಂದಿವೆ. ಅಂದರೆ ಯಾವಾಗಲೋ ಒಮ್ಮೆ, ಊರು ಆಗಲೇ ಇದ್ದಾಗ, ಇನ್ನು ಮುಂದೆ ಹೀಗೆ ಎಂದು ತೀರ್ಮಾನವಾಗಿದೆ.

ಎರಡು, ಮನೆಗಳು. ಅದನ್ನು ಸ್ವಲ್ಪ ಉದ್ದ ಬರೆಯಬೇಕು. ಮಧ್ಯಾಹ್ನ ಬರೆಯುತ್ತೇನೆ, ಈಗ ಅಮ್ಮ ಕರೆಯುತ್ತಿದ್ದಾರೆ.

ಸರಪಳಿಮಾವ | 11:15

ಆ ಒಳಗಿನ ಪುಟ್ಟ ಕಟ್ಟಡದ ವಿಷಯ ಗೊತ್ತಿರಲಿಲ್ಲ ಮಗಳೇ. ನನಗೆ ಇಲ್ಲಿಯ ತನಕ ಓದಿದ್ದರಲ್ಲಿ ಅದೇ ದೊಡ್ಡ ಸುದ್ದಿ. ಹಳೇ ಗೆರೆ ಬಿಟ್ಟು ಹೊಸ ಗೆರೆ ಹಿಡಿಯುವುದು ಅಂದರೆ ಸುಮ್ನೆ ಅಲ್ಲ.

ಮೂಲೆಮಟ್ಟ | 11:40

ಆರ್ಕಿಟೆಕ್ಟ್ ಆಗಿ ನನ್ನದೊಂದು ತಗಾದೆ. ಅಲ್ಲಿ ಎಲ್ಲವೂ ಲಂಬ ಅನ್ನುವುದೂ ಅಷ್ಟು ಸರಿಯಲ್ಲ. ಉತ್ತರ-ದಕ್ಷಿಣದ ಗೆರೆ ಸುಮಾರು 15.5 ಡಿಗ್ರಿ ವಾಲಿದ್ದರೆ, ಪೂರ್ವ-ಪಶ್ಚಿಮದ ಗೆರೆಗಳು 16.5ರ ಸುಮಾರಿಗೆ ವಾಲಿವೆ. ಅಂದರೆ ಮೂಲೆ 90 ಬರುವುದಿಲ್ಲ, ಒಂದು ಡಿಗ್ರಿ ತಪ್ಪುತ್ತದೆ. ಒಂದೆರಡು ಕಡೆ ಆದರೆ ಮೇಸ್ತ್ರಿ ಕೈ ತಪ್ಪು ಅನ್ನಬಹುದು. ಊರ ತುಂಬ ಹಾಗೇ ಇದ್ದರೆ ಬೇಕೆಂದೇ ಮಾಡಿದ್ದು, ಅಲ್ವಾ?

ಸರಪಳಿಮಾವ | 11:52

ನಿಜ. ಒಂದೇ ಕಡೆಗೆ ಒಂದೇ ಅಳತೆ ತಪ್ಪಿದರೆ ಅದು ತಪ್ಪಲ್ಲ, ಎರಡು ಬೇರೆ ಗುರುತು ಇಟ್ಟುಕೊಂಡು ಎಳೆದ ಎರಡು ಬೇರೆ ಗೆರೆ.

ಮಲೆನಾಡಮಳೆ | ಮಧ್ಯಾಹ್ನ 12:30

ಗೆರೆ ಸಾಕು. ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು? ಊರು ಕಟ್ಟುವುದೆಂದರೆ ಮೊದಲು ಅದು.

ದೂರದೂರು | 1:05

ಅದನ್ನು ನಾನೇ ಕಣ್ಣಾರೆ ಕಂಡೆ, ಹೇಳುತ್ತೇನೆ. ಸಿಯುದದೇಲಾಕ್ಕೆ ಸ್ವಲ್ಪ ಮೊದಲು ಬೀದಿಯನ್ನು ಅಡ್ಡ ಹಾಯುವ ಒಂದು ಹಳ್ಳ ಇದೆ, ರಿಯೊ ಸಾನ್ ಹುವಾನ್. ನಾನು ಹೋದಾಗ ನೀರು ಅಷ್ಟಕ್ಕಷ್ಟೇ. ಪಕ್ಕದಲ್ಲಿದ್ದ ಫಲಕದಲ್ಲಿ ಊರಿನ ನಕ್ಷೆ ನೋಡಿದೆ. ಹಳ್ಳ ಬೆಟ್ಟದ ಕಡೆಯಿಂದ ತನ್ನ ಪಾಡಿಗೆ ಅಂಕುಡೊಂಕಾಗಿ ಬರುತ್ತದೆ. ಊರಿನೊಳಗೆ ಬಂದ ಕೂಡಲೇ ಮೊಣಕೈ ಮಡಚಿದಂತೆ ತಿರುಗಿ ಬೀದಿಯ ಗೆರೆಗೆ ಸರಿಯಾಗಿ ಹರಿಯುತ್ತದೆ. ಹೊಳೆಯನ್ನೇ ಎತ್ತಿ ಗೆರೆಗೆ ಕೂರಿಸಿದ್ದಾರೆ!

ನಕ್ಷೆಯಲ್ಲಿ ನೋಡಿದ ಮೇಲೆ ವಾಪಸ್ ಹೋಗಿ ಹಳ್ಳದ ಸೇತುವೆ ಮೇಲೆ ಹತ್ತು ನಿಮಿಷ ನಿಂತೆ. ಎಲ್ಲರೂ ಪಿರಮಿಡ್ ಕಡೆ ಓಡುತ್ತಿದ್ದರು. ನಾನೊಬ್ಬನೇ ಚರಂಡಿ ನೋಡುತ್ತಾ ನಿಂತಿದ್ದೆ.

ಕುಂಬಾರಕೇರಿ | 2:20

ಹೊಳೆ ತಿರುಗಿಸಿದ್ದು ಅದೊಂದೇ ಅಲ್ಲ. 2021ರಲ್ಲಿ ನಾವಾ ಸುಗಿಯಾಮ ಮತ್ತು ಜೊತೆಗಾರರು ವಿಮಾನದಿಂದ ಲೇಸರ್ ಬಿಟ್ಟು ಅಳೆಯುವ ಲೈಡಾರ್ ಸರ್ವೆಯ ಫಲಿತಾಂಶ ಪ್ರಕಟಿಸಿದರು. ಒಟ್ಟು 16 ಕಿಲೋಮೀಟರ್‌ಗೂ ಜಾಸ್ತಿ ನೀರಿನ ದಾರಿಗಳನ್ನು ಹೀಗೆ ತಿದ್ದಿದ್ದಾರಂತೆ.

ಈಗ ಮನೆಗಳ ವಿಷಯ. ನನಗೆ ಪಿರಮಿಡ್‌ಗಿಂತ ಇದೇ ಇಷ್ಟ.

ಪ್ರವಾಸಿಗಳು ನೋಡುವುದು ಊರಿನ ನಡುಬೀದಿ ಮಾತ್ರ. ಜನ ಬಾಳಿದ್ದು ಅದರ ಸುತ್ತ, ಸುಮಾರು 2,000 ವಠಾರಗಳಲ್ಲಿ. ವಠಾರ ಅನ್ನುವುದೇ ಸರಿಯಾದ ಪದ. ಹೊರಗೆ ದಪ್ಪ ಗೋಡೆ, ಕಿಟಕಿ ಇಲ್ಲ, ಒಂದೋ ಎರಡೋ ಬಾಗಿಲು. ಒಳಗೆ ಹೋದರೆ ತೊಟ್ಟಿ, ತೊಟ್ಟಿಯ ಸುತ್ತ ಕೋಣೆಗಳು, ಅದರಾಚೆ ಇನ್ನೊಂದು ತೊಟ್ಟಿ. ಕೆಲವು ತೊಟ್ಟಿಗಳ ನಡುವೆ ಪುಟ್ಟ ಪೂಜಾಕಟ್ಟೆ. ತೊಟ್ಟಿಗೆ ಬಿದ್ದ ಮಳೆನೀರು ನೆಲದಡಿಯ ಮೋರಿಯಲ್ಲಿ ಹೊರಗೆ. ಒಂದೊಂದು ವಠಾರದಲ್ಲಿ 60ರಿಂದ 100 ಜನ. ಸಾಮಾನ್ಯವಾಗಿ ಬದಿಗೆ 60 ಮೀಟರ್.

ಸರಪಳಿಮಾವ | 2:26

60 ಕ್ಕೆ 60 ಮೀಟರ್ ಅಂದರೆ 36 ಗುಂಟೆ ಹತ್ತಿರ. ಒಂದು ವಠಾರಕ್ಕೆ ಎಕರೆಗೆ ನಾಲ್ಕು ಗುಂಟೆ ಕಮ್ಮಿ. ಮುಂದುವರಿಸು.

ಒಗ್ಗರಣೆ | 2:28

ನಾನಿಲ್ಲಿ 20 ಕ್ಕೆ 30 ಅಡಿ ಸೈಟ್‌ಗೆ ಸಾಲ ಕಟ್ಟುತ್ತಿದ್ದೇನೆ. ಓದುತ್ತಾ ಕಣ್ಣಲ್ಲಿ ನೀರು.

ಕುಂಬಾರಕೇರಿ | 2:41

ಹೆಚ್ಚಿನವು ಕ್ರಿ.ಶ. 200-250ರ ನಂತರ ಎದ್ದವು. ಅಷ್ಟರಲ್ಲಿ ದೊಡ್ಡ ಪಿರಮಿಡ್‌ಗಳ ಕೆಲಸ ಬಹುಮಟ್ಟಿಗೆ ಮುಗಿದಿತ್ತು. ಸ್ವಲ್ಪ ಯೋಚಿಸಿ. ಅಲ್ಲಿಯವರೆಗೆ ಕಲ್ಲು ಮಣ್ಣು ಎಲ್ಲ ಪಿರಮಿಡ್‌ಗೆ. ಸೂರ್ಯನ ಪಿರಮಿಡ್ ಒಂದಕ್ಕೇ 10 ಲಕ್ಷ ಘನ ಮೀಟರ್‌ಗೂ ಜಾಸ್ತಿ ತುಂಬಿದ್ದಾರೆ. ಆಮೇಲೆ ಅದೇ ಕಲ್ಲು, ಅದೇ ಗಾರೆ, ಅದೇ ಕೈಗಳು ಜನರ ಮನೆ ಕಟ್ಟಲು ತಿರುಗಿವೆ. ನೆಲಕ್ಕೆ ಗೋಡೆಗೆ ಸುಣ್ಣದ ಗಾರೆ, ಮೇಲೆ ಕೆಂಪು ಬಣ್ಣ, ಕೆಲವು ಕಡೆ ಚಿತ್ರ. ಆ ಸುಣ್ಣ ಊರಿನಲ್ಲಿ ಸಿಗುವುದಲ್ಲ. 60 ಕಿಲೋಮೀಟರ್ ಆಚೆ ತೂಲಾ ಕಡೆಯಿಂದ ಬೆನ್ನ ಮೇಲೆ ಹೊತ್ತು ತಂದದ್ದು.

ಹೊರಗೋಡೆಗಳು ಊರಿನ ಗೆರೆಗೆ ಕೂತಿವೆ. ಆದರೆ ಒಳಗೆ? ಒಂದರಂತೆ ಇನ್ನೊಂದಿಲ್ಲ. ಸಕುವಾಲಾದ ವಠಾರ ಅಚ್ಚುಕಟ್ಟು, ನಡುವೆ ದೊಡ್ಡ ತೊಟ್ಟಿ. ತೆತಿತ್ಲಾ ಬೇಕಾದಾಗ ಬೇಕಾದಂತೆ ಕೋಣೆ ಸೇರಿಸಿಕೊಂಡು ಬೆಳೆದದ್ದು. ಬೀದಿ ಊರಿನದು, ಒಳಮನೆ ಅವರದು. ಇದನ್ನು ರಾಜನ ಆಜ್ಞೆ ಅನ್ನುತ್ತೀರೋ, ಊರಿನ ಕಟ್ಟಳೆ ಅನ್ನುತ್ತೀರೋ?

ಬಯಲುಸೀಮೆ | 3:15

ಕಟ್ಟಳೆ ಮಾಡಿದವರು ಯಾರು? ಅದೇ ರಾಜ. ಇಂಥ ಊರಿನಲ್ಲಿ ಅರಮನೆ ಇರಲಿಲ್ಲವಾ? ಸಮಾಧಿ ಇರಲಿಲ್ಲವಾ?

ಕುಂಬಾರಕೇರಿ | 3:48

ಅಲ್ಲೇ ಇರುವುದು ಸ್ವಾರಸ್ಯ. ಇದೇ ರಾಜನ ಸಮಾಧಿ ಎಂದು ಎಲ್ಲರೂ ಒಪ್ಪುವಂಥದ್ದು ಒಂದೂ ಸಿಕ್ಕಿಲ್ಲ. ಮಾಯಾ ಊರುಗಳಲ್ಲಿ ರಾಜರ ಮುಖ, ಹೆಸರು, ಪಟ್ಟವೇರಿದ ದಿನ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ಇಲ್ಲಿ ಅಂಥ ಒಂದು ಕಲ್ಲೂ ಇಲ್ಲ. 2003ರಲ್ಲಿ ಮಳೆಗೆ ನೆಲ ಕುಸಿದು ಗರಿಹಾವಿನ ಪಿರಮಿಡ್ ಅಡಿಯ ಸುರಂಗ ಬಾಯಿ ಬಿಟ್ಟಿತು. ಸೆರ್ಹಿಯೊ ಗೋಮೆಸ್ ತಂಡ ವರ್ಷಗಟ್ಟಲೆ ಮಣ್ಣು ತೆಗೆಯಿತು. ಶಂಖ, ಜೇಡ್, ರಬ್ಬರ್ ಚೆಂಡು, ಕೊನೆಗೆ ಪಾದರಸ ಕೂಡ ಸಿಕ್ಕಿತು. ರಾಜ ಸಿಗಲಿಲ್ಲ.

ಲಿಂಡಾ ಮನ್ಸನೀಯ ಎಂಬ ಮೆಕ್ಸಿಕೊದ ಪುರಾತತ್ವಜ್ಞೆ, ನಾಲ್ಕು ಭಾಗದ ನಾಲ್ವರು ಸೇರಿ ಆಳುತ್ತಿದ್ದರು ಎಂದು ವಾದಿಸುತ್ತಾರೆ. ಸಬುರೊ ಸುಗಿಯಾಮ ಒಪ್ಪುವುದಿಲ್ಲ. ಅವರ ಪ್ರಕಾರ ಗಟ್ಟಿ ಅರಸರು ಇದ್ದೇ ಇದ್ದರು. ಅವರ ಕೈಯಲ್ಲೂ ಆಧಾರ ಇದೆ. ಗರಿಹಾವಿನ ಪಿರಮಿಡ್ ಕಟ್ಟುವಾಗ ಬಲಿ ಕೊಟ್ಟ ನೂರಕ್ಕೂ ಜಾಸ್ತಿ ಜನರ ಎಲುಬು ಸಿಕ್ಕಿದೆ. ಸುಮಾರು ಜನಕ್ಕೆ ಕೈ ಹಿಂದಕ್ಕೆ ಕಟ್ಟಿದೆ. ಇದನ್ನು ಊರೊಟ್ಟಿನ ಹಬ್ಬ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಆದರೆ ನೂರು ವರ್ಷ ಚಿಲ್ಲರೆ ಕಳೆದ ಮೇಲೆ, ಅದೇ ಪಿರಮಿಡ್ ಮುಖ ಮುಚ್ಚುವಂತೆ ಎದುರಿಗೇ ಇನ್ನೊಂದು ಜಗಲಿ ಕಟ್ಟಿದ್ದಾರೆ. ಗರಿಹಾವಿನ ತಲೆಗಳು ಅದರ ಹಿಂದೆ ಅಡಗಿಹೋದವು. ಜಾರ್ಜ್ ಕೌಗಿಲ್ ಅಂಥ ಪುರಾತತ್ವಜ್ಞರು ಇದನ್ನು ಒಬ್ಬನ ಆಳ್ವಿಕೆಗೆ ಬಿದ್ದ ಕಡಿವಾಣ ಎಂದು ಓದಿದ್ದಾರೆ. ನಾನೂ ಆ ಕಡೆಗೇ ವಾಲುತ್ತೇನೆ. ಮುಖ್ಯ ಅಂದರೆ, ಆ ಗಲಾಟೆಯಾದ ಮೇಲೂ ಊರಿನ ಗೆರೆ ಬದಲಾಗಲಿಲ್ಲ. ವಠಾರಗಳನ್ನು ಒಡೆದು ಕಟ್ಟುವಾಗಲೂ ಅದೇ ಗೆರೆ.

ಬಯಲುಸೀಮೆ | 4:10

ಮಾಯಾ ಶಾಸನಗಳ ಮಾತು ನೀವೇ ತೆಗೆದಿರಿ, ಅದನ್ನೇ ಹಿಡಿಯುತ್ತೇನೆ. ಕ್ರಿ.ಶ. 378ರಲ್ಲಿ ಗ್ವಾಟೆಮಾಲದ ತಿಕಾಲ್‌ಗೆ ಪಶ್ಚಿಮದಿಂದ ಒಂದು ದಂಡು ಬರುತ್ತದೆ. ತಿಕಾಲ್‌ನ ಅರಸ ಅದೇ ದಿನ ಸಾಯುತ್ತಾನೆ. ಹೊಸದಾಗಿ ಪಟ್ಟಕ್ಕೆ ಬಂದವನ ತಂದೆಯ ಹೆಸರು ಶಾಸನದಲ್ಲಿದೆ. 'ಈಟಿ ಎಸೆಯುವ ಗೂಬೆ' ಎಂದು ವಿದ್ವಾಂಸರು ಓದಿರುವ ಹೆಸರು. ಅವನು ತೆಯೋತಿವಾಕಾನ್‌ನ ದೊರೆ ಎಂದು ಮಾಯಾ ಲಿಪಿ ತಜ್ಞ ಡೇವಿಡ್ ಸ್ಟುವರ್ಟ್ ವಾದಿಸಿದ್ದಾರೆ. ಈಗ ಹೇಳಿ, ರಾಜ ಇದ್ದನೋ ಇಲ್ಲವೋ?

ಕುಂಬಾರಕೇರಿ | 4:31

ಇದು ಗಟ್ಟಿ ಏಟು, ಒಪ್ಪುತ್ತೇನೆ. ಅದಕ್ಕೆ ನಾನೇ ಇನ್ನೊಂದು ಸೇರಿಸುತ್ತೇನೆ. ತಿಕಾಲ್‌ನಲ್ಲಿ ಎಲ್ಲರೂ ಬರೀ ಗುಡ್ಡ ಅಂದುಕೊಂಡಿದ್ದ ಜಾಗ ಲೈಡಾರ್‌ನಲ್ಲಿ ನೋಡಿದಾಗ ಸಿಯುದದೇಲಾದ ಚಿಕ್ಕ ನಕಲು ಎಂದು 2021ರಲ್ಲಿ ಗೊತ್ತಾಯಿತು. ಸಾವಿರ ಕಿಲೋಮೀಟರ್ ಆಚೆಗೆ ಹೋಗಿಯೂ ತಮ್ಮ ಊರಿನ ಅಂಗಳವನ್ನು, ತಮ್ಮ ಊರಿನ ದಿಕ್ಕನ್ನು ಕಟ್ಟಿಕೊಂಡಿದ್ದಾರೆ.

ಹೊರಗೆ ದಂಡು ಕಳಿಸಿದ ದೊರೆ ಇದ್ದಿರಬಹುದು. ಒಳಗೆ ವಠಾರದ ಗೋಡೆ ಎಲ್ಲಿ ಬರಬೇಕು ಎಂದು ಅವನೇ ಬಂದು ಹೇಳಿದನೇ ಅನ್ನುವುದು ನನ್ನ ಪ್ರಶ್ನೆ.

ಮೂಲೆಮಟ್ಟ | 5:02

ನಡುವೆ ಬರುತ್ತಿದ್ದೇನೆ. 'ಯೋಜಿತ ನಗರ' ಅನ್ನುವ ಮಾತಿನಲ್ಲೇ ತೊಂದರೆ ಇದೆ. ಚೌಕಳಿ ಕಂಡರೆ ಯೋಜನೆ, ಕಾಣದಿದ್ದರೆ ಇಲ್ಲ ಎಂದುಕೊಳ್ಳುತ್ತೇವೆ. ಮೈಕೆಲ್ ಸ್ಮಿತ್ ಎಂಬ ವಿದ್ವಾಂಸರು ಅದನ್ನು ಎರಡಾಗಿ ಬಿಡಿಸುತ್ತಾರೆ. ಕಟ್ಟಡಗಳು ಒಂದಕ್ಕೊಂದು ಹೊಂದಿಕೊಂಡು ನಿಂತಿವೆಯೇ? ಒಂದೇ ಮಾದರಿ ಹಲವು ಊರುಗಳಲ್ಲಿ ಮತ್ತೆ ಮತ್ತೆ ಬರುತ್ತದೆಯೇ? ಹಾಗೆ ನೋಡಿದರೆ ಮೆಸೊಅಮೆರಿಕದ ತುಂಬ ಯೋಜನೆ ಇದೆ. ಆದರೆ ಅದು ನಡುವಿನ ಅಂಗಳ, ಗುಡಿ, ಚೆಂಡಾಟದ ಕಣ ಇವುಗಳಿಗೆ ಸೀಮಿತ. ಸುತ್ತಲಿನ ಮನೆಗಳು ಎಲ್ಲೆಂದರಲ್ಲಿ. ತೆಯೋತಿವಾಕಾನ್ ವಿಶೇಷ ಯಾಕೆಂದರೆ ಗೆರೆ ಮನೆಬಾಗಿಲಿಗೂ ಬಂದಿದೆ.

ಮೋಂತೆ ಆಲ್ಬಾನ್ ನೋಡಿ. ದಕ್ಷಿಣ ಮೆಕ್ಸಿಕೊದ ಓಹಾಕಾ ಕಣಿವೆಯಿಂದ 400 ಮೀಟರ್ ಮೇಲೆ, ಕ್ರಿ.ಪೂ. 500ರ ಸುಮಾರಿಗೆ ಗುಡ್ಡದ ನೆತ್ತಿ ಮಟ್ಟ ಮಾಡಿ ಕಟ್ಟಿದ್ದು. ಮೇಲೆ ಅಂಗಳ ಎಷ್ಟು ಅಚ್ಚುಕಟ್ಟು! ಕೆಳಗೆ ಇಳಿಜಾರಿನಲ್ಲಿ 2,000ಕ್ಕೂ ಜಾಸ್ತಿ ಮಟ್ಟುಗಳು, ಮನೆಗಳಿಗೆ. ರಿಚರ್ಡ್ ಬ್ಲಾಂಟನ್ ತಂಡ ಅವನ್ನು ಒಂದೊಂದಾಗಿ ನಡೆದು ಎಣಿಸಿತು. ಅಲ್ಲಿ ಗುಡ್ಡ ಹೇಳಿದಂತೆ ಮನೆ. ಚೌಕಳಿ ಗಿಕಳಿ ಏನೂ ಇಲ್ಲ.

ಮಲೆನಾಡಮಳೆ | 5:20

ಗುಡ್ಡದ ನೆತ್ತಿಯ ಮೇಲೆ ನೀರು?

ಮೂಲೆಮಟ್ಟ | 5:24

ಹೊತ್ತು ತರಬೇಕಿತ್ತು, ಇಲ್ಲ ಮಳೆನೀರು ಹಿಡಿಯಬೇಕಿತ್ತು. ಅಲ್ಲಿ ಊರು ಕಟ್ಟಿದ್ದು ಯಾಕೆ ಎಂದು ಜನ ಇನ್ನೂ ಜಗಳವಾಡುತ್ತಿದ್ದಾರೆ.

ದೂರದೂರು | ಭಾನುವಾರ, ಬೆಳಿಗ್ಗೆ 7:30

ರಾತ್ರಿ ನಿದ್ದೆ ಬಿಟ್ಟು ಓದಿದೆ. ಇನ್ನೂ ಹಿಂದಕ್ಕೆ ಹೋದರೆ ಏನಿದೆ? ಇವರೆಲ್ಲ ಈ ಬುದ್ಧಿ ಎಲ್ಲಿ ಕಲಿತರು?

ಕುಂಬಾರಕೇರಿ | 9:10

ಹಿಂದಕ್ಕೆ ಹೋದಷ್ಟೂ ಬಯಲುಸೀಮೆ ಅವರ ರಾಜ ದುರ್ಬಲನಾಗುತ್ತಾನೆ :)

ಮೆಕ್ಸಿಕೊದ ತಬಾಸ್ಕೊ ರಾಜ್ಯದಲ್ಲಿ ಅಗುವಾದ ಫೇನಿಕ್ಸ್ ಎಂಬ ಜಾಗ. 2020ರಲ್ಲಿ ತಾಕೇಶಿ ಇನೊಮಾತ ತಂಡ ಲೋಕಕ್ಕೆ ತೋರಿಸಿತು. ಜನ ಕೈಯಾರೆ ಮಣ್ಣು ಹಾಕಿ ಎತ್ತರಿಸಿದ ಒಂದು ಜಗಲಿ. ಉದ್ದ 1.4 ಕಿಲೋಮೀಟರ್, ಅಗಲ 400 ಮೀಟರ್, ಎತ್ತರ 10ರಿಂದ 15 ಮೀಟರ್. ಕಟ್ಟಿದ್ದು ಕ್ರಿ.ಪೂ. 1000 ಮತ್ತು 800ರ ನಡುವೆ, ಸೂರ್ಯನ ಪಿರಮಿಡ್‌ಗಿಂತ ಸಾವಿರ ವರ್ಷ ಮೊದಲು. ಅದರ ಮೇಲೆ ದನ ಮೇಯುತ್ತಿದ್ದವು, ಜನ ಓಡಾಡುತ್ತಿದ್ದರು. ಯಾರಿಗೂ ಗೊತ್ತಾಗಿರಲಿಲ್ಲ. ಅಷ್ಟು ಅಗಲ ಇದ್ದರೆ ನಡೆಯುವವನಿಗೆ ಅದು ನೆಲವೇ ಅಲ್ಲವೇ? ಮೇಲಿನಿಂದ ನೋಡಿದಾಗಲೇ ಅಂಚು ಕಂಡಿದ್ದು. ಅಲ್ಲಿ ಅರಸರ ಮೂರ್ತಿ ಇಲ್ಲ, ಅರಮನೆ ಇಲ್ಲ. ಒಂದು ಕಡೆ ಶಿಲುಬೆ ಆಕಾರದ ಗುಂಡಿ ತೋಡಿ ದಿಕ್ಕಿಗೊಂದು ಬಣ್ಣದ ಪುಡಿ ಇಟ್ಟಿದ್ದಾರೆ. ಉತ್ತರಕ್ಕೆ ನೀಲಿ, ಪೂರ್ವಕ್ಕೆ ಹಸಿರು, ದಕ್ಷಿಣಕ್ಕೆ ಹಳದಿ.

ಮುಂದಿನ ವರ್ಷ ಅದೇ ತಂಡ ಆ ಸೀಮೆಯಲ್ಲಿ ಇಂಥ ದೊಡ್ಡ ಚಿಕ್ಕ ಜಾಗಗಳನ್ನು ಒಟ್ಟು 478 ಎಣಿಸಿತು. ಹಲವು ಒಂದೇ ಮಾದರಿಯವು.

ಇನ್ನು ಕೊಲ್ಲಿ ಕರಾವಳಿಯ ಹಳೇ ಜನ ಓಲ್ಮೆಕರ ಊರು ಲಾ ವೆಂತಾ. ಅದರ ನಡುಗೆರೆ ಉತ್ತರದಿಂದ 8 ಡಿಗ್ರಿ ಪಶ್ಚಿಮಕ್ಕೆ, ಅಂದರೆ ತೆಯೋತಿವಾಕಾನ್ ಗೆರೆಗೆ ಎದುರು ಕಡೆಗೆ ವಾಲಿದೆ. ಆ ಗೆರೆಯ ಎರಡೂ ಬದಿ ಎಡಬಲ ಹೊಂದುವಂತೆ ಕಟ್ಟಿ, ಆಳದ ಗುಂಡಿಗಳಲ್ಲಿ ಹಸಿರು ಕಲ್ಲಿನ ನೂರಾರು ತುಂಡು ಜೋಡಿಸಿ, ಕೂಡಲೇ ಮಣ್ಣು ಮುಚ್ಚಿದ್ದಾರೆ. ಯಾರೂ ನೋಡಲಿ ಎಂದು ಮಾಡಿದ್ದಲ್ಲ. ಆದರೂ ಗೆರೆ ತಪ್ಪಿಲ್ಲ.

ಮನೆಗಳಿಗೂ ಬಂದ ಚೌಕಳಿ ಬೇಕೆಂದರೆ ಗ್ವಾಟೆಮಾಲದ ಪೆತೇನ್ ಇತ್ಸಾ ಕೆರೆಯ ದಂಡೆಯ ನಿಷ್ತುನ್ ಚಿಚ್ ನೋಡಿ. ತೆಯೋತಿವಾಕಾನ್‌ಗಿಂತ ನೂರಾರು ವರ್ಷ ಮೊದಲೇ ಅಡ್ಡಬೀದಿ ಉದ್ದಬೀದಿ ಹಾಕಿಕೊಂಡ ಮಾಯಾ ಊರು. ಚಿಕ್ಕದು. ಆದರೆ ಮಾಯಾ ಜನಕ್ಕೆ ಚೌಕಳಿ ಗೊತ್ತಿರಲಿಲ್ಲ ಅನ್ನುತ್ತಿದ್ದವರೆಲ್ಲ ಸುಮ್ಮನಾದರು.

ಬಯಲುಸೀಮೆ | 9:45

ಜಗಲಿ ಕಟ್ಟುವುದು ಬೇರೆ, ಊರು ನಡೆಸುವುದು ಬೇರೆ. ಜಾತ್ರೆಗೆ ಊರೊಟ್ಟಾಗಿ ತೇರು ಎಳೆಯುತ್ತಾರೆ. ಮಾರನೇ ದಿನ ಅದೇ ಜನ ಬೇಲಿ ವಿಷಯಕ್ಕೆ ಹೊಡೆದಾಡುತ್ತಾರೆ. ವರ್ಷಕ್ಕೊಮ್ಮೆ ಸೇರಿ ಮಣ್ಣು ಹೊತ್ತರೆ ಜಗಲಿ ಏಳುತ್ತದೆ, ಸರಿ. ಲಕ್ಷ ಜನರ ಬೇಲಿ ಜಗಳ ತೀರಿಸಲು ಯಾರೋ ಒಬ್ಬ ಬೇಕೇ ಬೇಕು.

ಸರಪಳಿಮಾವ | 10:00

ಈ ಮಾತಿಗೆ ನನ್ನ ಓಟು. ಆದರೆ ಅದಕ್ಕೆ ರಾಜ ಬೇಕಿಲ್ಲ, ಕೇರಿಗೊಬ್ಬ ಹಿರಿಯ ಸಾಕು. ಬಾಂದು ಕಲ್ಲು ಎಲ್ಲಿದೆ ಎಂದು ಗೊತ್ತಿರುವ ಮುದುಕ ಒಬ್ಬ ಎಲ್ಲ ಊರಲ್ಲೂ ಇರುತ್ತಾನೆ.

ಒಗ್ಗರಣೆ | 10:30

ಗಂಭೀರ ಪ್ರಶ್ನೆ, ನಂಬಿ. ಹೊರಗಿನಿಂದ ಬಂದವರು? ದೊಡ್ಡ ಊರು ಅಂದರೆ ವಲಸೆ ಇದ್ದೇ ಇರುತ್ತದಲ್ಲ. ಅವರೂ ಗೆರೆಗೆ ಕೂತರಾ?

ಕುಂಬಾರಕೇರಿ | 11:18

ತುಂಬ ಒಳ್ಳೆ ಪ್ರಶ್ನೆ. ವಲಸೆ ಇಲ್ಲದಿದ್ದರೆ ಊರೇ ನಡೆಯುತ್ತಿರಲಿಲ್ಲ. ತ್ಲಹಿಂಗಾ ಅನ್ನುವ ದಕ್ಷಿಣದ ಕುಂಬಾರರ ಕೇರಿಯಲ್ಲಿ (ನನ್ನ ಹೆಸರಿನ ಗುಟ್ಟು ಬಯಲಾಯಿತು) ರೆಬೆಕಾ ಸ್ಟೋರಿ ಎಲುಬುಗಳನ್ನು ಅಭ್ಯಾಸ ಮಾಡಿದರು. ಕೂಸುಗಳ ಸಾವು ತುಂಬ. ಹೊರಗಿನಿಂದ ಜನ ಬರುತ್ತಲೇ ಇರಬೇಕಿತ್ತು.

ಊರಿನ ಪಶ್ಚಿಮದ ಅಂಚಿನಲ್ಲಿ ಓಹಾಕಾದಿಂದ ಬಂದ ಸಪೋತೆಕರ ಕೇರಿ ಇತ್ತು. ಹೊರಗಿನಿಂದ ನೋಡಿದರೆ ಬೇರೆ ವಠಾರಗಳಂತೆಯೇ. ಒಳಗೆ ತಮ್ಮ ಸೀಮೆಯ ಬೂದು ಮಡಕೆ, ತಮ್ಮ ಪದ್ಧತಿಯ ನೆಲದಡಿಯ ಸಮಾಧಿ, ಒಂದು ಕಡೆ ತಮ್ಮದೇ ಲಿಪಿಯ ಕೆತ್ತನೆ. ತಲೆಮಾರುಗಟ್ಟಲೆ ಹಾಗೇ ಉಳಿಸಿಕೊಂಡರು. ಪೂರ್ವದ ಕಡೆ ಕೊಲ್ಲಿ ಕರಾವಳಿಯ ಜೊತೆ ನಂಟಿದ್ದ ವ್ಯಾಪಾರಿಗಳ ಕೇರಿ. ಅವರು ಗೆರೆ ಗಿರೆ ಎಂದು ತಲೆ ಕೆಡಿಸಿಕೊಳ್ಳಲೇ ಇಲ್ಲ, ದುಂಡನೆ ಮನೆ ಕಟ್ಟಿಕೊಂಡರು! ಚೌಕಳಿ ಊರಿನಲ್ಲಿ ದುಂಡು ಮನೆ. ಯಾರೂ ಬಂದು ಒಡೆಯಲಿಲ್ಲ.

ಒಗ್ಗರಣೆ | 11:21

ಈ ವ್ಯಾಪಾರಿಗಳೇ ನನ್ನ ಜನ.

ಮೂಲೆಮಟ್ಟ | 12:40

ಅಳತೆಗೋಲಿನ ವಿಷಯ ಯಾರೂ ತೆಗೆಯಲಿಲ್ಲ. ಸಬುರೊ ಸುಗಿಯಾಮ ಪ್ರಕಾರ ಅಲ್ಲಿನ ಮಾನ 83 ಸೆಂಟಿಮೀಟರ್. ಸೂರ್ಯನ ಪಿರಮಿಡ್ ಮೂಲ ಅಗಲ 216 ಮೀಟರ್ ಎಂದು ಹಿಡಿದರೆ 260 ಮಾನ ಬರುತ್ತದೆ, ಮತ್ತದೇ ಪಂಚಾಂಗದ ಸಂಖ್ಯೆ. ಕೇಳಲು ಚೆಂದ. ನನಗೆ ಮಾತ್ರ ಅನುಮಾನ. 'ಎಂದು ಹಿಡಿದರೆ' ಅನ್ನುವುದೇ ಕಷ್ಟ. 1905ರಿಂದ 1910ರ ನಡುವೆ ಲೆಯೊಪೋಲ್ದೊ ಬಾತ್ರೆಸ್ ಆ ಪಿರಮಿಡ್ ಅಗೆಯುವಾಗ ಹೊರಮೈಯನ್ನೇ ಮೀಟರ್‌ಗಟ್ಟಲೆ ಕಿತ್ತು ಹಾಕಿದ್ದಾರೆ. ಸ್ವಾತಂತ್ರ್ಯದ ಶತಮಾನೋತ್ಸವಕ್ಕೆ ತೋರಿಸುವ ಅವಸರ. ಇಲ್ಲದ ಒಂದು ಮೆಟ್ಟಿಲುಹಂತವೂ ಸೇರಿಕೊಂಡಿದೆ. ಇವತ್ತು ಅಳೆದರೆ ಬದಿಗೆ 225 ಮೀಟರ್ ಎಂದು ಬರೆಯುತ್ತಾರೆ. ಅಂಚೇ ಹೋದ ಮೇಲೆ ಸೆಂಟಿಮೀಟರ್ ಲೆಕ್ಕ ಹೇಗೆ ನಂಬುವುದು?

ದೂರದೂರು | 12:55

ಅದಕ್ಕೇ ಇರಬೇಕು! ಅಲ್ಲಿನ ಗೋಡೆಗಳಲ್ಲಿ ದೊಡ್ಡ ಕಲ್ಲುಗಳ ನಡುವಿನ ಗಾರೆಗೆ ಕಡಲೆಕಾಯಿ ಗಾತ್ರದ ಕಪ್ಪು ಕಲ್ಲುಗಳನ್ನು ಸಾಲಾಗಿ ಒತ್ತಿದ್ದಾರೆ. ಅಲಂಕಾರ ಅಂದುಕೊಂಡು ಫೋಟೊ ತೆಗೆದೆ. ಕೇಳಿದರೆ, ಅದು ಈ ಕಾಲದವರು ಮತ್ತೆ ಕಟ್ಟಿದ ಭಾಗ ಎಂದು ಗುರುತು ಹೇಳಲು ಇಟ್ಟದ್ದಂತೆ. ಆಮೇಲೆ ಎಲ್ಲಿ ನೋಡಿದರೂ ಅದೇ ಕಲ್ಲುಗಳು.

ಸರಪಳಿಮಾವ | 1:30

ಹಾಗಾದರೆ ಈ 2,000 ವಠಾರ ಮಣ್ಣಿನಡಿ ಇವೆ ಎಂದು ಹೇಗೆ ಗೊತ್ತು? ಎಲ್ಲ ಅಗೆದಿದ್ದಾರಾ?

ಕುಂಬಾರಕೇರಿ | 2:45

ಇಲ್ಲ ಮಾವ. ಅಗೆದದ್ದು ತೀರಾ ಕಮ್ಮಿ. ಗೊತ್ತಾಗಿದ್ದು ನಡಿಗೆಯಿಂದ. 1962ರಲ್ಲಿ ರೆನೆ ಮಿಲನ್ ಎಂಬುವರು ಶುರು ಮಾಡಿದರು. ವಿಮಾನದಿಂದ ತೆಗೆದ ಫೋಟೊ ಕೈಯಲ್ಲಿ ಹಿಡಿದು, ಇಡೀ ಊರನ್ನು 500 ಮೀಟರ್ ಚೌಕಗಳಾಗಿ ಮಾಡಿ, ಹೊಲ ಹೊಲ ನಡೆದರು. ಎಲ್ಲಿ ದಿಬ್ಬ, ಎಲ್ಲಿ ಉಳುಮೆಗೆ ಮೇಲೆದ್ದ ಗಾರೆ, ಎಲ್ಲಿ ಮಡಕೆ ಚೂರು, ಎಲ್ಲಿ ಅಬ್ಸಿಡಿಯನ್ ಗಾಜುಕಲ್ಲಿನ ಚಕ್ಕೆ, ಎಲ್ಲ ಬರೆದುಕೊಂಡರು. ನಕ್ಷೆ 1973ರಲ್ಲಿ ಅಚ್ಚಾಯಿತು. ಇವತ್ತಿಗೂ ಎಲ್ಲರೂ ಮೊದಲು ಬಿಚ್ಚುವುದು ಅದನ್ನೇ.

ನಿಮಗಾಗಿ ಒಂದು ವಿಷಯ ಎತ್ತಿಟ್ಟಿದ್ದೆ. ಆ ನಕ್ಷೆಯ ಮೇಲಂಚು ಉತ್ತರಕ್ಕಿಲ್ಲ. ಮಿಲನ್ ತಮ್ಮ ಚೌಕಗಳನ್ನೇ ಊರಿನ ಗೆರೆಗೆ ತಿರುಗಿಸಿಕೊಂಡರು, 15 ಡಿಗ್ರಿ 25 ನಿಮಿಷ. ಅದಕ್ಕೆ 'ತೆಯೋತಿವಾಕಾನ್ ಉತ್ತರ' ಎಂದೇ ಹೆಸರು.

ಸರಪಳಿಮಾವ | 2:58

ಭೇಷ್! ನಮ್ಮಲ್ಲಿ ನಕ್ಷೆಗೆ ಉತ್ತರದ ಬಾಣ ತಪ್ಪು ಹಾಕಿದರೆ ಬೈಸಿಕೊಳ್ಳುತ್ತಿದ್ದೆವು. ಈ ಮನುಷ್ಯ ಉತ್ತರವನ್ನೇ ಊರಿಗೆ ತಕ್ಕಂತೆ ತಿರುಗಿಸಿದನಲ್ಲ.

ಮಲೆನಾಡಮಳೆ | 4:00

ಊರು ಹಾಳಾದದ್ದು ಹೇಗೆ?

ಕುಂಬಾರಕೇರಿ | 4:12

ಕ್ರಿ.ಶ. 550ರ ಸುಮಾರಿಗೆ ನಡುಬೀದಿಯ ಗುಡಿಗಳಿಗೆ, ದೊಡ್ಡ ಕಟ್ಟಡಗಳಿಗೆ ಬೆಂಕಿ ಬಿತ್ತು. ಸಾಮಾನ್ಯ ವಠಾರಗಳು ಬಹುಪಾಲು ಸುಡಲಿಲ್ಲ. ಹೊರಗಿನ ಶತ್ರುವೋ ಊರಿನ ಜನರೇ ತಿರುಗಿಬಿದ್ದರೋ, ಜಗಳ ಮುಗಿದಿಲ್ಲ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ದೂರದೂರು ಅವರ ಮೊದಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಗೆರೆ ಕಾಪಾಡಿದವರು ಯಾರು? ಆ 2021ರ ಲೈಡಾರ್ ಸರ್ವೆಯಲ್ಲಿ ಇನ್ನೊಂದು ಮಾತಿದೆ. ಅವರು ನೋಡಿದ್ದು ಇವತ್ತಿನ ಜನವಸತಿಯನ್ನೂ. ಈಗಿನ ಮನೆ, ಬೇಲಿ, ಹೊಲದ ಅಂಚು. ಊರಿನ ಪ್ರದೇಶದಲ್ಲಿ ಶೇಕಡ 65ರಷ್ಟು ಕಡೆ ಇವು ಇವತ್ತಿಗೂ ಅದೇ 15 ಡಿಗ್ರಿಯ ಹತ್ತಿರದ ಗೆರೆಗೆ ಕೂತಿವೆ. ಮಣ್ಣಿನಡಿ ಹಳೇ ಗೋಡೆ ಇದೆ. ಕಿತ್ತು ತೆಗೆಯುವುದಕ್ಕಿಂತ ಅದರ ಪಕ್ಕಕ್ಕೇ ಉಳುವುದು, ಅದರ ಮೇಲೇ ಬೇಲಿ ಹಾಕುವುದು ಸುಲಭ. ಪಾಪಾಸುಕಳ್ಳಿ ಬೇಲಿ ಕೂಡ ಆ ಗೆರೆಗೇ.

ಬಯಲುಸೀಮೆ | 4:30

ಇದಕ್ಕೆ ನನ್ನ ಹತ್ತಿರ ರಾಜ ಇಲ್ಲ.

ಸರಪಳಿಮಾವ | 4:41

ದೂರದೂರು, ನಿನಗೊಂದು ಕೆಲಸ. ಮುಂದಿನ ವಾರ ಗೇಟಿನೊಳಗೆ ಹೋಗಬೇಡ. ಹೊರಗಿನ ಹಳ್ಳಿಯಲ್ಲಿ ನಡಿ. ಫೋನಿನ ದಿಕ್ಸೂಚಿಯಲ್ಲಿ ನಿಜ ಉತ್ತರಕ್ಕೆ ಇಟ್ಟುಕೋ, ಅಯಸ್ಕಾಂತದ ಉತ್ತರಕ್ಕೆ ಬೇಡ. ಬೇಲಿಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡು. ತಂತಿ ಬೇಲಿ ಹತ್ತಿರ ಫೋನ್ ಹಿಡಿಯಬೇಡ, ಮುಳ್ಳು ಅಲ್ಲಾಡುತ್ತದೆ. ಕಳ್ಳಿ ಬೇಲಿ ಆದರೆ ಒಳ್ಳೇದು. ಐದಾರು ಕಡೆ ನೋಡಿ ಬರೆದುಕೊಂಡು ಬಾ.

ದೂರದೂರು | ಮುಂದಿನ ಭಾನುವಾರ, ಸಂಜೆ 6:50

ಹೋಗಿ ಬಂದೆ ಮಾವ. ಆರು ಬೇಲಿ. 14, 17, 15, 16, 31, 15. ಆ 31 ಹೊಸ ಇಟ್ಟಿಗೆ ಕಾಂಪೌಂಡು.

ಐದನೇದು ಅಳೆಯುವಾಗ ನಾಯಿ ಬೊಗಳಿತು. ಒಳಗಿನಿಂದ ಅಜ್ಜಿಯೊಬ್ಬರು ಬಂದರು. ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ ಏನೇನೋ ಹೇಳಿದೆ. ಅವರು ಫೋನ್ ನೋಡಿದರು, ಬೇಲಿ ನೋಡಿದರು. ಜಾಗ ಕೊಳ್ಳಲು ಬಂದೆಯಾ ಎಂದು ಕೇಳಿದರು.

ಸರಪಳಿಮಾವ | 7:02

34 ವರ್ಷ ನನ್ನನ್ನೂ ಅದನ್ನೇ ಕೇಳಿದರು ಕಣಪ್ಪ. ಹೌದು, ಆ 31 ಬಂದ ಕಾಂಪೌಂಡಿನ ಬುಡದಲ್ಲಿ ಮಡಕೆ ಚೂರು ಏನಾದರೂ ಕಂಡಿತಾ?